ಅಂಗೈಯಗಲದ ಆಂಟೆನಾ

ಸಂತಾಪ ಸಭೆಯಲ್ಲಿ ನನ್ನನ್ನು ಮಾತಾಡಲು ಎಬ್ಬಿಸಿದ್ದೇ ನಮ್ಮ ಪ್ರಾಂಶುಪಾಲರ ತಪ್ಪು. "ಮೇಡಂ ಜೊತೆ ಹೆಚ್ಚು ಓಡಾಡಿದವನು ಇವನೇ, ಇವನು ಎರಡು ಮಾತಾಡಲಿ" ಎಂದು ಕೈ ತೋರಿಸಿಬಿಟ್ಟರು. ನಾನು ಎದ್ದದ್ದೇ ತಡ, ಹಿಂದಿನ ಬೆಂಚಿನ ಹುಡುಗರ ಮುಖದ ಮೇಲೆ ನಗು ಬಂದು ಕೂತಿತು. ಅವರನ್ನು ದೂರುವಂತಿಲ್ಲ. ಕಾಲೇಜಿನಲ್ಲಿ ನಾನು ಮೈಕ್ ಹಿಡಿದಾಗೆಲ್ಲ ಏನಾದರೂ ಒಂದು ಎಡವಟ್ಟಾಗಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಒಮ್ಮೆ ಅತಿಥಿಗಳಿಗೆ ಹಾಕಬೇಕಾದ ಹಾರವನ್ನು ಮೈಕ್ ಸ್ಟ್ಯಾಂಡಿಗೆ ಹಾಕಿ ನಮಸ್ಕಾರ ಮಾಡಿದವನು ನಾನು. ಆವತ್ತು "ಮೇಡಂ" ಎಂದೆ. ಮೈಕ್ ಕುಂಯ್ ಎಂದಿತು. ಯಾರೋ ಕಿಸಕ್ಕೆಂದರು. ಕೂತುಬಿಟ್ಟೆ. ಈಗ ಕೂತಲ್ಲಿಂದಲೇ ಹೇಳುತ್ತೇನೆ.

ನಾನು ಶೆಟ್ಟಿಕೊಪ್ಪದವನು. ನಮ್ಮ ಮನೆಯಲ್ಲಿ ಎಲ್ಲರೂ ತೋಟದ ಕೂಲಿಗೆ ಹೋಗುವವರು. ಇವನ ಕೈಗೆ ಕತ್ತಿ ಕೊಟ್ಟರೆ ಗಿಡ ಬಿಟ್ಟು ಕಾಲು ಕಡಿದುಕೊಳ್ಳುತ್ತಾನೆ ಎಂಬ ಹೆದರಿಕೆಗೇ ನನ್ನನ್ನು ಡಿಪ್ಲೊಮಾಗೆ ಸೇರಿಸಿದ್ದು ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ಕೊಪ್ಪದ ಆ ಪಾಲಿಟೆಕ್ನಿಕ್‌ನಲ್ಲಿ ನನಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವರು ಮೇಡಂ. ಪಾಸಾದ ಮೇಲೆ ಅಲ್ಲೇ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಇಂಟರ್ವ್ಯೂನಲ್ಲಿ ನನ್ನನ್ನು ಆರಿಸಿದವರೂ ಅವರೇ. ಯಾಕೆ ಮೇಡಂ ಎಂದು ಒಮ್ಮೆ ಕೇಳಿದ್ದೆ. ಲ್ಯಾಬಿನಲ್ಲಿ ಏನೇನು ಹಾಳಾಗಬಹುದು ಎಂದು ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ಲವಾ, ನೀನಿದ್ದರೆ ಎಲ್ಲವೂ ಬೇಗ ಗೊತ್ತಾಗುತ್ತದೆ ಎಂದಿದ್ದರು.

ಅವರು ಶೃಂಗೇರಿಯ ಪುರೋಹಿತರ ಮನೆಯ ಮಗಳು. ಸಣಕಲು ಮೈ, ಕುತ್ತಿಗೆಗೆ ಸುತ್ತಿದ ದುಪಟ್ಟಾ, ಬ್ಯಾಗಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲ್. ಬೆಂಗಳೂರಿನಲ್ಲಿ ರಾಡಾರ್ ಆಂಟೆನಾ ಮೇಲೆ ಸಂಶೋಧನೆ ಮಾಡುತ್ತಿದ್ದಾಗ ಎರಡೂ ಕಿಡ್ನಿ ಕೈಕೊಟ್ಟವಂತೆ. ವಾಪಸ್ ಬಂದು, ಡಯಾಲಿಸಿಸ್ ಸಿಗುವ ಊರೆಂದು ಕೊಪ್ಪದಲ್ಲೇ ಮಹಡಿ ಮೇಲೊಂದು ಬಾಡಿಗೆ ಮನೆ ಹಿಡಿದು, ವಾರದ ಅರ್ಧ ದಿನಗಳನ್ನು ಆಸ್ಪತ್ರೆಗೂ ಉಳಿದರ್ಧವನ್ನು ನಮಗೂ ಕೊಟ್ಟರು. ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದರು. ಅಲ್ಲಿ ಚರ್ಮದ ಕೆಳಗೆ ರಕ್ತ ಸದಾ ಗುಂಯ್‌ಗುಡುತ್ತಿರುತ್ತದೆ. ಮೊದಲ ಸಲ ನಾನು ಆ ಕೈಯನ್ನೇ ಮಿಕಿಮಿಕಿ ನೋಡುವುದನ್ನು ಕಂಡು, "ಮುಟ್ಟು, ಶಾಕ್ ಹೊಡೆಯಲ್ಲ" ಎಂದರು. ಮುಟ್ಟಿದೆ. ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕಿವಿ ಇಟ್ಟ ಹಾಗಿತ್ತು. ನಾನು ಕೈ ಎಳೆದುಕೊಂಡ ರಭಸಕ್ಕೆ ಹಿಂದಿದ್ದ ಸ್ಟೂಲು ಬಿತ್ತು, ಸ್ಟೂಲಿನ ಮೇಲಿದ್ದ ಮೀಟರು ಬಿತ್ತು. "ನೋಡು, ಇಷ್ಟು ಸಣ್ಣ ಸಿಗ್ನಲ್ಲಿಗೆ ಎಷ್ಟು ದೊಡ್ಡ ರೆಸ್ಪಾನ್ಸು" ಎಂದು ಅವರು ನಕ್ಕರು.

ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುವುದರಿಂದ ನೀರು ಅವರಿಗೆ ಅಳತೆ. ಒಂದು ಪುಟ್ಟ ಸ್ಟೀಲ್ ಲೋಟದಲ್ಲಿ ದಿನದ ಪಾಲು. ಆದರೆ ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಫಿ ಕೊಡದೆ ಬಿಡುವುದಿಲ್ಲ, ಬೇಡ ಎಂದರೆ ಎಂತ, ನಮ್ಮನೆ ಕಾಫಿ ಸೇರಲ್ವಾ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮೇಡಂ ಯಾರಿಗೂ ಬೇಡ ಎನ್ನಲಿಲ್ಲ. ಲೋಟ ಎರಡೂ ಕೈಯಲ್ಲಿ ಹಿಡಿದು, ಪರಿಮಳ ಒಳ್ಳೆಯದಿದೆ ಎಂದು ಹೊಗಳಿ, ಮನೆಯವರು ಒಳಗೆ ಹೋದ ಕೂಡಲೇ ನನ್ನ ಖಾಲಿ ಲೋಟಕ್ಕೆ ಬದಲಾಯಿಸಿಬಿಡುತ್ತಿದ್ದರು. ಹೀಗೆ ನಾನು ಭಂಡಿಗಡಿಯಿಂದ ಹಿರೇಕೊಡಿಗೆಯವರೆಗೆ, ವಿದ್ಯಾರ್ಥಿಗಳ ಮನೆ ಮನೆಯಲ್ಲಿ, ಅವರ ಪಾಲಿನ ಕಾಫಿ ಕುಡಿದು ನಿದ್ದೆ ಕಳೆದುಕೊಂಡಿದ್ದೇನೆ. ಕೊಪ್ಪ ತಾಲೂಕಿನ ಅರ್ಧ ಕಾಫಿ ಬೆಳೆ ನನ್ನೊಬ್ಬನಿಂದಲೇ ಖರ್ಚಾಯಿತು ಎಂದರೆ ಸ್ವಲ್ಪ ಮಾತ್ರ ಹೆಚ್ಚಾದೀತು.

ಅವರ ಆಂಟೆನಾ ವಿಷಯಕ್ಕೆ ಬರುತ್ತೇನೆ. ನಾನಿನ್ನೂ ವಿದ್ಯಾರ್ಥಿಯಾಗಿದ್ದಾಗ ತರಗತಿಗೆ ಒಮ್ಮೆ ಅವರು ಒಂದು ಹಿತ್ತಾಳೆ ಕೊಳಗ, ಒಂದು ಚಮಚ ತಂದು ಮೇಜಿನ ಮೇಲಿಟ್ಟರು. ಕೊಳಗ ಬಾರಿಸಿದರೆ ದಪ್ಪ ಸ್ವರ, ಚಮಚ ಬಾರಿಸಿದರೆ ತೆಳು ಸ್ವರ. ಅಲೆಗಳೂ ಹಾಗೇ ಎಂದರು. ಉದ್ದ ಅಲೆ ಹಿಡಿಯಲು ದೊಡ್ಡ ಆಂಟೆನಾ ಬೇಕು, ಗಿಡ್ಡ ಅಲೆಗೆ ಚಿಕ್ಕದು ಸಾಕು. ಕಣ್ಗಾವಲಿನ ರಾಡಾರಿಗೆ ಎದುರಿನವನು ಯಾವ ಅಲೆ ಕಳಿಸುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ದಪ್ಪದಿಂದ ತೆಳುವಿನವರೆಗೆ ಎಲ್ಲವನ್ನೂ ಒಂದೇ ಆಂಟೆನಾ ಕೇಳಿಸಿಕೊಳ್ಳಬೇಕು. ಗುಡ್ಡದ ಮೇಲೆ ಒಬ್ಬನೇ ಮನುಷ್ಯ ಹೊತ್ತುಕೊಂಡು ಹೋಗುವಷ್ಟು ಹಗುರವಾಗಿಯೂ ಇರಬೇಕು. "ಚಮಚದಿಂದ ಕೊಳಗದ ಸ್ವರ ಹೊರಡಿಸ್ಬೇಕು. ಅದೇ ನನ್ನ ಕೆಲಸ" ಎಂದರು. ನಾನು ಎದ್ದು, ಚಮಚದಿಂದ ಕೊಳಗಕ್ಕೆ ಹೊಡೆದರೆ ಆಯಿತಲ್ಲ ಮೇಡಂ ಎಂದೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಪಕ್ಕದಲ್ಲಿ ಇನ್ನೊಂದು ಲೋಹ ಇಟ್ಟು ಹಾಗೆ ಮಾಡಿದವರೂ ಇದ್ದಾರೆ, ಆದರೆ ಆಗ ಕೊಳಗವನ್ನೂ ಹೊರಬೇಕಲ್ಲ ಎಂದರು. ನನ್ನ ಕೋಡಂಗಿ ಮಾತಿಗೂ ನಿಂತು ಉತ್ತರ ಹುಡುಕಿದವರು ನನ್ನ ಜೀವನದಲ್ಲಿ ಅವರೊಬ್ಬರೇ.

ಅವರು ಆಗಾಗ ಹೇಳುತ್ತಿದ್ದ ಮಾತೊಂದಿತ್ತು. "ಸಣ್ಣದಾಗ್ಬೇಕು ಅಂದ್ರೆ ಏನನ್ನಾದ್ರೂ ಬಿಡ್ಬೇಕು ಮಾರಾಯ. ಯಾವುದನ್ನ ಬಿಡೋದು ಅನ್ನೋದೇ ಡಿಸೈನು." ಆಂಟೆನಾ ಬಗ್ಗೆ ಹೇಳಿದ್ದು. ಆದರೆ ಹೇಳುವಾಗ ಅವರ ಕಣ್ಣು ಆ ಪುಟ್ಟ ಸ್ಟೀಲ್ ಲೋಟದ ಮೇಲಿದ್ದದ್ದನ್ನು ನಾನು ನೋಡಿದ್ದೇನೆ.

ಅವರ ಆಂಟೆನಾ ನೋಡಲು ಏನೂ ಇಲ್ಲ. ಅಂಗೈಯಗಲದ ತೆಳು ಹಲಗೆ, ಅದರ ಎರಡೂ ಮೈಗೆ ತಾಮ್ರದ ಹಾಳೆ. ಒಂದು ಮೈಯಲ್ಲಿ ತಾಮ್ರ ಎಡಕ್ಕೆ ಬಾಗಿ ಅರಳಬೇಕು, ಇನ್ನೊಂದು ಮೈಯಲ್ಲಿ ಬಲಕ್ಕೆ. ಎರಡೂ ಸೇರಿ ಬಾಯಿ ಕಳೆದ ಹಾಗೆ ಕಾಣಬೇಕು. ಬೇಡದ ತಾಮ್ರವನ್ನು ಕೆಮಿಕಲ್ ನೀರಿನಲ್ಲಿ ಕರಗಿಸಿ ತೆಗೆಯುವ ಕೆಲಸ ನನ್ನದು. ಮೊದಲ ಸಲ ನಾನು ಎರಡೂ ಮೈಗೆ ಒಂದೇ ಚಿತ್ರ ಅಂಟಿಸಿ, ಎರಡೂ ಎಡಕ್ಕೇ ಬಾಗಿಸಿ, ಬಹಳ ಹೆಮ್ಮೆಯಿಂದ ಅವರ ಮುಂದೆ ಹಿಡಿದೆ. ಅವರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಎರಡೂ ಎಡಗಾಲಿನ ಚಪ್ಪಲಿ ಮಾಡಿದೀಯಲ್ಲ" ಎಂದರು. ಎರಡನೆಯ ಸಲ ಆ ನೀರನ್ನು ನನ್ನ ಹೊಸ ಬಿಳಿ ಅಂಗಿ ಮೇಲೆ ಚೆಲ್ಲಿಕೊಂಡೆ. ಅಡಿಕೆ ಬೇಯಿಸಿದ ನೀರಿನ, ಆ ಚೊಗರಿನ ಕೆಂಗಂದು ಬಣ್ಣ. ಒಗೆದರೆ ಇನ್ನೂ ಹರಡಿತು. ಮೂರನೆಯ ಸಲದ್ದು ನನ್ನ ಕಿರೀಟದ ಗರಿ. ಮೇಡಂ ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಓಡಲು ಬಿಟ್ಟು ಆಸ್ಪತ್ರೆಗೆ ಹೋಗಿದ್ದರು. ಅದು ಬೆಳಗಿನಿಂದ ಸಂಜೆವರೆಗೆ ಓಡುವ ಲೆಕ್ಕ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಎಂದು ಗೊತ್ತಿದ್ದೂ, ಅದರ ಪ್ಲಗ್ ಕಿತ್ತು ನನ್ನ ಫೋನ್ ಚಾರ್ಜಿಗೆ ಹಾಕಿದೆ. ಸಂಜೆ ಬಂದು ಕಪ್ಪು ಸ್ಕ್ರೀನ್ ನೋಡಿದರು, ಪ್ಲಗ್ ನೋಡಿದರು, ನನ್ನನ್ನು ನೋಡಿದರು. ನಾನು ಬೆವರಿ ಕರಗಿಹೋಗುವುದರಲ್ಲಿದ್ದೆ. "ಫೋನ್ ಎಷ್ಟು ಪರ್ಸೆಂಟ್ ಆಯ್ತು?" ಎಂದು ಕೇಳಿದರು. ನೂರು ಎಂದೆ. "ಒಳ್ಳೇದಾಯ್ತು. ಒಂದಾದ್ರೂ ಮುಗೀತಲ್ಲ" ಎಂದು ಮತ್ತೆ ಮೊದಲಿಂದ ಲೆಕ್ಕ ಹಚ್ಚಿದರು.

ಲ್ಯಾಪ್‌ಟಾಪ್‌ನಲ್ಲಿ ಕೊನೆಗೆ ಬರುವುದು ಒಂದು ಗೆರೆ. ಆಂಟೆನಾಗೆ ಕಳಿಸಿದ್ದರಲ್ಲಿ ಎಷ್ಟು ವಾಪಸ್ ಬಂತು ಎಂದು ಹೇಳುವ ಗೆರೆ ಅದು. ಅದರ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ. ಉದ್ದ ಅಲೆಗಳ ಎಡತುದಿಯಿಂದ ಗಿಡ್ಡ ಅಲೆಗಳ ಬಲತುದಿಯವರೆಗೆ ನಮ್ಮ ಗೆರೆ ಆ ಕೆಂಪಿನ ಕೆಳಗೇ ಇರಬೇಕು. ಲೆಕ್ಕದಲ್ಲಿ ಅದು ಕೆಳಗೆ ಬಂದಿತ್ತು. ಆದರೆ ಲೆಕ್ಕದ ಗೆರೆಗೆ ಯಾರೂ ಬೆಲೆ ಕೊಡುವುದಿಲ್ಲ. ನಿಜವಾದ ಆಂಟೆನಾವನ್ನು ನಿಜವಾದ ಅಳತೆ ಕೋಣೆಯಲ್ಲಿ ಇಟ್ಟು ತೋರಿಸಿದರೆ ಮಾತ್ರ ರಾಡಾರ್ ಮಾಡುವ ತಂಡ ಅದನ್ನು ಕೈಗೆತ್ತಿಕೊಳ್ಳುತ್ತದೆ ಎಂದು ಬೆಂಗಳೂರಿನ ಅವರ ಗೈಡ್ ಹೇಳಿದ್ದರು. ಗೈಡೇ ಯಾರನ್ನೋ ಕೇಳಿಕೊಂಡು ಅಲ್ಲಿನ ಒಂದು ಕೋಣೆಯಲ್ಲಿ ಒಂದು ದಿನ ಹಿಡಿದುಕೊಟ್ಟರು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲ.

"ಈ ಮಷಿನ್ ಮೇಲೆ ಮಲ್ಗೇ ಒಂದಿನ ಮುಗಿದುಹೋಗ್ತೀನಿ, ಅದು ಗೊತ್ತಿರೋದೇ" ಎಂದು ಆವತ್ತು ಮೇಡಂ ನನಗೆ ಹೇಳಿದರು. ಮಳೆ ಬರಬಹುದು, ಕೊಡೆ ತಾ ಎನ್ನುವ ದನಿಯಲ್ಲೇ ಹೇಳಿದರು. "ಅದಕ್ಕೆ ಮೊದ್ಲು ಆ ಗೆರೆ ಕೆಂಪಿನ ಕೆಳಗೆ ಬಂದಿದ್ದನ್ನ ಒಂದ್ಸಲ ನೋಡ್ಬೇಕು."



ಅಷ್ಟರಲ್ಲಿ ಮೇಡಂಗೆ ಸುಸ್ತು ಹೆಚ್ಚಾಯಿತೆಂದು ಶೃಂಗೇರಿಯಿಂದ ಅವರ ಅಮ್ಮ ಬಂದು ಜೊತೆಗಿದ್ದರು. ನನ್ನ ಅಂಗಿಯ ಕಲೆ ನೋಡಿ, ಎಂತ ಮಾಣಿ, ಅಡಿಕೆ ಬೇಯಿಸುವಲ್ಲಿಂದ ನೇರ ಕಾಲೇಜಿಗೆ ಬತ್ಯಾ ಎಂದು ಕೇಳಿದ ಅಮ್ಮ ಅವರು. ಮಗಳ ಕಾಯಿಲೆಗೆ ತಾನೇನೂ ಮಾಡಲಾರೆ ಎನ್ನುವ ಸಂಕಟಕ್ಕೆ ಮನೆಯಲ್ಲಿದ್ದ ಎಲ್ಲವನ್ನೂ ತಿಕ್ಕಿ ತೊಳೆಯುತ್ತಿದ್ದರು. ಕಿಟಕಿ, ಬಾಗಿಲು, ಗ್ಯಾಸ್ ಒಲೆ. ಒಂದು ಬೆಳಿಗ್ಗೆ ಪೂಜೆಯ ತಾಮ್ರದ ಪಾತ್ರೆಗಳನ್ನೆಲ್ಲ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಲು ಕೂತರು. ಮೇಡಂ ಮೇಜಿನ ಮೇಲೂ ಒಂದು ತಾಮ್ರದ ತುಂಡು ಇತ್ತು. ಮೈಯೆಲ್ಲ ಬೆರಳಿನ ಗುರುತು, ಅಂಚಿನಲ್ಲಿ ಕಪ್ಪು. ಪಂಚಪಾತ್ರೆಯ ಜೊತೆ ಅದನ್ನೂ ತೆಗೆದುಕೊಂಡರು.

ನಾನು ಮೆಟ್ಟಿಲು ಹತ್ತಿ ಬಂದಾಗ ಮಹಡಿಯ ಬಿಸಿಲಿನಲ್ಲಿ ಉದ್ಧರಣೆ, ತಂಬಿಗೆ, ತಟ್ಟೆ ಎಲ್ಲ ಸಾಲಾಗಿ ಬೋರಲು ಬಿದ್ದಿದ್ದವು. ಆ ಸಾಲಿನ ಕೊನೆಯಲ್ಲಿ, ಚಿನ್ನದ ಹಾಗೆ ಹೊಳೆಯುತ್ತಾ, ಬೆಂಗಳೂರಿಗೆ ಹೋಗಬೇಕಾಗಿದ್ದ ಆಂಟೆನಾ. ತಂತಿ ಸೇರುವಲ್ಲಿ ಬೆಸೆದಿದ್ದದ್ದು ಬಿಟ್ಟುಹೋಗಿತ್ತು. ಕೂದಲಿನಷ್ಟು ತೆಳುವಾದ ತಾಮ್ರದ ಎಳೆ ನಾರಿಗೆ ಸಿಕ್ಕಿ ಎದ್ದು ಸುರುಳಿಯಾಗಿತ್ತು. 

ಮೇಡಂ ಬಾಗಿಲಲ್ಲಿ ನಿಂತಿದ್ದರು. ನನಗಿಂತ ಮೊದಲೇ ನೋಡಿದ್ದರು.

"ನಿನ್ನ ಮೇಜಿನ ಮೇಲಿತ್ತು ಕೂಸೇ. ಕಿಲುಬು ಹಿಡಿದು ಕರ್ರಗಾಗಿತ್ತು. ಇಷ್ಟು ಓದಿ, ತಾಮ್ರಕ್ಕೆ ಹುಳಿ ಹಾಕಿ ತಿಕ್ಕೋದು ಗೊತ್ತಿಲ್ವಾ ನಿಂಗೆ?" ಎಂದರು ಅಮ್ಮ. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು.

ಮೇಡಂ ಅದನ್ನು ಎತ್ತಿಕೊಂಡು ಸೆರಗಿಗೆ ಒರೆಸುವ ಹಾಗೆ ದುಪಟ್ಟಾಕ್ಕೆ ಒರೆಸಿದರು. "ಗೊತ್ತಿರ್ಲಿಲ್ಲ ಅಮ್ಮ. ಎಷ್ಟು ಚೆಂದ ಆಯ್ತು" ಎಂದರು. ನಾನು ಏನೋ ಹೇಳಲು ಹೋದೆ. ಅವರು ನನ್ನ ಕಡೆ ನೋಡಿದ ನೋಟಕ್ಕೆ ನಾಲಿಗೆ ಒಳಗೆ ಹೋಯಿತು. ಅಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾಗಬಾರದೆಂದೇ ಆವತ್ತಿನಿಂದ ನಾವು ಕೆಲಸವನ್ನು ಲ್ಯಾಬಿಗೆ ಸಾಗಿಸಿದೆವು. ಮನೆಯಲ್ಲಿ ತಾಮ್ರ ಕಂಡರೆ ಅಮ್ಮ ಪ್ರೀತಿಯಿಂದ ಇನ್ನೊಮ್ಮೆ ತಿಕ್ಕುತ್ತಿದ್ದರು. ಅಳತೆಯ ದಿನ ಹತ್ತಿರವಿತ್ತು, ಒಳ್ಳೆಯ ಹಲಗೆ ಒಂದೇ ತುಂಡು ಉಳಿದಿತ್ತು. ಅದನ್ನು ಕೆಮಿಕಲ್ ನೀರಿಗೆ ಇಳಿಸುವಾಗ ನಾನು ಉಸಿರಾಡಿದ್ದು ನೆನಪಿಲ್ಲ. ಮೇಡಂ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಈಗ ಎತ್ತು, ಈಗ ಇಳಿಸು ಎನ್ನುತ್ತಿದ್ದರು. ಎಡಗಾಲು, ಬಲಗಾಲು ಎರಡೂ ಸರಿಯಾಗಿ ಬಂದವು. ಅದನ್ನು ಇಡಲು ನನ್ನ ಊಟದ ಡಬ್ಬಿಗಿಂತ ಕ್ಷೇಮವಾದ ಜಾಗ ಸಿಗಲಿಲ್ಲ. ಒಂದು ದಿನ ಮರೆತು ಅದರ ಮೇಲೇ ಚಿತ್ರಾನ್ನ ಹಾಕಿಸಿಕೊಳ್ಳಲು ಹೊರಟಿದ್ದೆ ಎಂಬುದನ್ನು ನಾನಾಗಿ ಹೇಳಬೇಕಾಗಿಲ್ಲ, ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ.

ಬೆಂಗಳೂರಿನ ಆ ದಿನ ಡಯಾಲಿಸಿಸ್‌ನ ದಿನವೇ ಆಗಿತ್ತು. ಬೇರೆ ದಿನ ಆಸ್ಪತ್ರೆಯಲ್ಲಿ ಮಷಿನ್ ಖಾಲಿ ಇರಲಿಲ್ಲ. ಒಂದು ಸಲ ತಪ್ಪಿಸಿದರೆ ಸಾಯಲ್ಲ ಎಂದು ಮೇಡಂ ತೀರ್ಮಾನಿಸಿದರು. ಅಮ್ಮ ಎರಡು ದಿನ ಮಾತು ಬಿಟ್ಟರು, ಕೊನೆಗೆ ದಾರಿಗೆಂದು ಬುತ್ತಿ ಕಟ್ಟಿಕೊಟ್ಟರು. ಬೆಳಕು ಹರಿಯುವ ಹೊತ್ತಿಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಮೇಡಂ, ಮುಂದೆ ಡ್ರೈವರ್ ಪಕ್ಕ ನಾನು, ನನ್ನ ತೊಡೆಯ ಮೇಲೆ ಡಬ್ಬಿ. ಶೆಟ್ಟಿಕೊಪ್ಪ ದಾಟುವವರೆಗೆ ನಾನು ಒಂದೇ ಸಮ ಮಾತಾಡಿದೆ. ನಮ್ಮ ಮನೆಯ ದಾರಿ, ನಾನು ಬಿದ್ದ ಕೆರೆ, ನನ್ನನ್ನು ಅಟ್ಟಿಸಿಕೊಂಡು ಬಂದ ಎಮ್ಮೆ ಎಲ್ಲವನ್ನೂ ತೋರಿಸಿದೆ. ಹಿಂದಿನಿಂದ ಮೊದಲು ಹೂಂ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ನರಸಿಂಹರಾಜಪುರದಲ್ಲಿ ಹೋಟೆಲಿನ ಎದುರು ಕಾರು ನಿಲ್ಲಿಸಿದಾಗ ತಿರುಗಿ ನೋಡಿದೆ. ಮೇಡಂ ಸೀಟಿಗೆ ಒರಗದೆ, ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ನನ್ನ ಸೀಟಿನ ಬೆನ್ನು ಹಿಡಿದು ಉಸಿರಾಡುತ್ತಿದ್ದರು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿತ್ತು. ನಾನು ಇಳಿದು ಬಾಗಿಲು ತೆಗೆದೆ. ಅವರು ಎದುರಿನ ಬಸ್ ನಿಲ್ದಾಣವನ್ನೇ ಸ್ವಲ್ಪ ಹೊತ್ತು ನೋಡಿದರು.

"ನೀನು ಬಸ್ ಹತ್ತು. ನಾನು ವಾಪಸ್ ಹೋಗಿ ಮಷಿನ್ ಮೇಲೆ ಮಲಗ್ತೀನಿ."

ನಾನೊಬ್ಬನೇ ಹೋಗುವುದಾ ಮೇಡಂ, ಬೆಂಗಳೂರಿನಲ್ಲಿ ರಸ್ತೆ ದಾಟುವುದೇ ನನಗೆ ಬರುವುದಿಲ್ಲ ಎಂದೆ. ನಾಳೆ, ನಾಡಿದ್ದು, ಗೈಡ್‌ಗೆ ಹೇಳಿ ಇನ್ನೊಂದು ದಿನ ಎಂದೆಲ್ಲ ಹೇಳಿದೆ.

"ಇನ್ನೊಂದು ದಿನ ನಂಗೆ ಸಿಗುತ್ತೆ ಅಂತ ನಿಂಗೆ ಯಾರು ಹೇಳಿದ್ರು?" ಎಂದರು. ಸಿಟ್ಟಿರಲಿಲ್ಲ. "ನಾನು ನೋಡೋದನ್ನ ಬಿಡ್ತೀನಿ ಮಾರಾಯ. ಆಂಟೆನಾ ಹೋಗ್ಲಿ."

ಕಾರು ಕೊಪ್ಪದ ಕಡೆ ತಿರುಗಿತು. ನಾನು ಡಬ್ಬಿ ಎದೆಗೆ ಒತ್ತಿಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಕೂತವರು, ಊಟ ಅಷ್ಟು ಬಿಸಿ ಇದೆಯಾ ಎಂದು ಕೇಳಿದರು.

ಆ ಅಳತೆ ಕೋಣೆ ಇದೆಯಲ್ಲ, ಅದರೊಳಗೆ ಕಾಲಿಟ್ಟಾಗ ಮುಳ್ಳುಹಂದಿಯೊಂದು ತಿರುಗುಮುರುಗಾಗಿ ನನ್ನನ್ನು ನುಂಗಿದ ಹಾಗಾಯಿತು. ಗೋಡೆ, ಮಾಡು, ನೆಲ ಎಲ್ಲ ಕಡೆಯಿಂದ ಚೂಪು ಚೂಪಾದ ನೀಲಿ ಸ್ಪಂಜು. ಅಲೆ ಎಲ್ಲಿಗೂ ಬಡಿದು ವಾಪಸ್ ಬರಬಾರದೆಂದು ಹಾಗೆ ಮಾಡಿರುತ್ತಾರೆ. ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಕೈಯಲ್ಲೇ ಸತ್ತಿತು. ಅಲ್ಲಿ ಮಷಿನ್ ನೋಡಿಕೊಳ್ಳುವವನು ನನ್ನದೇ ವಯಸ್ಸಿನವನು, ಸಮಾಧಾನಿ. ಡಬ್ಬಿಯಿಂದ ಆಂಟೆನಾ ತೆಗೆದಾಗ ಒಗ್ಗರಣೆ ವಾಸನೆ ಬಂದರೂ ಏನೂ ಅನ್ನಲಿಲ್ಲ. ಅದನ್ನು ಕಂಬಕ್ಕೆ ಕಟ್ಟಿ, ತಂತಿ ಜೋಡಿಸಿ, ನಾವಿಬ್ಬರೂ ಹೊರಗಿನ ಕಂಪ್ಯೂಟರ್ ಮುಂದೆ ಕೂತೆವು.

ಮೇಡಂಗೆ ವಿಡಿಯೊ ಕಾಲ್ ಮಾಡಿದೆ. ಆಸ್ಪತ್ರೆಯ ಹಾಸಿಗೆ, ಅಮ್ಮನ ಕೈಬಳೆ, ಮೇಡಂ ಮುಖದ ಅರ್ಧ ಕಾಣಿಸಿತು. ಅಲ್ಲಿಗೇ ಚಿತ್ರ ಕಲ್ಲಾಯಿತು. ಮತ್ತೆ ಮಾಡಿದೆ, ಮತ್ತೆ ಕಲ್ಲಾಯಿತು. ಕೊನೆಗೆ ಬರೀ ದನಿಯ ಕಾಲ್ ಸಿಕ್ಕಿತು. "ಚಿತ್ರ ಬೇಡ, ನೀನು ನೋಡ್ತಾ ಹೇಳು. ಇದ್ದದ್ದನ್ನ ಇದ್ದ ಹಾಗೆ" ಎಂದರು. ಅವರ ದನಿಯ ಹಿಂದೆ ಡಯಾಲಿಸಿಸ್ ಮಷಿನ್ ತಿರುಗುವ ಸದ್ದು.

ಗೆರೆ ಬಲತುದಿಯಿಂದ ನೋಡಿದರೆ ಚೆನ್ನಾಗಿತ್ತು. ಕೆಂಪಿನ ಕೆಳಗೇ ಕುಣಿಯುತ್ತಾ ಎಡಕ್ಕೆ ಬಂದು, ಎಡತುದಿಯಲ್ಲಿ, ಚಮಚದಿಂದ ಕೊಳಗದ ಸ್ವರ ಬರಬೇಕಾದ ಆ ಜಾಗದಲ್ಲಿ, ಕೆಂಪು ದಾಟಿ ಮೇಲಕ್ಕೆ ಹೋಗಿತ್ತು. ನನಗೆ ಸುಳ್ಳು ಹೇಳಬೇಕೆನ್ನಿಸಿತು. ಜೀವಮಾನವಿಡೀ ಬೇಡದ ಕಡೆ ಹೇಳಿದವನಿಗೆ ಬೇಕಾದ ಕಡೆ ಒಂದು ಬರಲಿಲ್ಲ. ಎಡಗಡೆ ಮೇಲೆ ಹೋಗಿದೆ ಮೇಡಂ ಎಂದೆ. ಎಲ್ಲಿಂದ ಏರಿದೆ, ಎಷ್ಟು ಏರಿದೆ ಎಂದು ಕೇಳಿದರು. ಓದಿ ಹೇಳಿದೆ.  

"ಬ್ಲೇಡ್ ಇದೆಯಾ ಅಲ್ಲಿ?"

ಆಂಟೆನಾದ ಎರಡೂ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಸೀಳು ಬಿಟ್ಟಿರುತ್ತೇವೆ. ಕರೆಂಟು ಆ ಸೀಳು ಸುತ್ತಿ ಹೋಗಬೇಕಾದ್ದರಿಂದ ಅದರ ದಾರಿ ಉದ್ದವಾಗುತ್ತದೆ, ಚಿಕ್ಕ ಆಂಟೆನಾ ತಾನು ದೊಡ್ಡದೆಂದು ನಂಬುತ್ತದೆ. ಬಾಯಿಯ ಹತ್ತಿರದ ಸೀಳುಗಳನ್ನು ಇನ್ನಷ್ಟು ಒಳಕ್ಕೆ ಕೊಯ್ಯಬೇಕು ಎಂದರು ಮೇಡಂ. ಕೊಯ್ದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಇರುವುದು ಒಂದೇ ಆಂಟೆನಾ.

"ನನ್ನ ಕೈ ನಿಮ್ಗೆ ಗೊತ್ತಲ್ಲ ಮೇಡಂ" ಎಂದೆ.

"ಗೊತ್ತು. ಅದಕ್ಕೇ ನಿಧಾನ ಹೇಳ್ತಿದೀನಿ."

ನಾನು ಬಾಯಿ ಮುಚ್ಚಿ ಬ್ಲೇಡ್ ಇಟ್ಟೆ.  ನನ್ನ ಉಸಿರಾಟ ಅವರಿಗೆ ಕೇಳಿಸಿರಬೇಕು. ಕಾಲೇಜಿನಲ್ಲಿ ದಿನಕ್ಕೆ ಹತ್ತು ಸಲ ಬಾಯಿ ಮುಚ್ಚು ಎನ್ನುತ್ತಿದ್ದವರು, "ಮಾತಾಡ್ತಾ ಇರು ಮಾರಾಯ. ನೀನು ಸುಮ್ಮನಾದ್ರೆ ನಿನ್ ಕೈ ಹೆದರುತ್ತೆ" ಎಂದರು. ನಾನು ಎಮ್ಮೆಯ ಕಥೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಿದೆ. ಎಮ್ಮೆ ನನ್ನನ್ನು ಬೇಲಿ ಹಾರಿಸಿತು, ಒಂದು ಸೀಳು ಮುಗಿಯಿತು. ಬೇಲಿಯಾಚೆ ಸಗಣಿ ಗುಂಡಿಯಿತ್ತು, ಇನ್ನೊಂದು ಮುಗಿಯಿತು. ಫೋನಿನಲ್ಲಿ ಅಮ್ಮ ನಗುವುದು ಕೇಳಿಸಿತು. ಪಕ್ಕದ ಹಾಸಿಗೆಯವರು ಯಾರೋ, ಆಮೇಲೆ ಎಂತ ಆಯ್ತು ಎಂದು ಕೇಳುವುದೂ ಕೇಳಿಸಿತು.

ಮತ್ತೆ ಕಟ್ಟಿ ಅಳೆದೆವು. ಎಡತುದಿ ಕೆಳಗಿಳಿದಿತ್ತು. ಕೆಂಪಿನ ಕೆಳಗೆ, ನಿಜವಾಗಿ ಕೆಳಗೆ. ಆದರೆ ನಡುವೆ, ಮೊದಲು ಸಪಾಟಾಗಿದ್ದ ಒಂದು ಕಡೆ ಹೊಸದಾಗಿ ಒಂದು ಉಬ್ಬು ಎದ್ದು ಕೆಂಪು ದಾಟಿತ್ತು. ಪಕ್ಕದವನು ಬಹಳ ಒಳ್ಳೆಯ ಮನಸ್ಸಿನಿಂದ, ಒಂದು ಬಟನ್ ಒತ್ತಿದರೆ ಉಬ್ಬು ಸವೆದು ನುಣ್ಣಗಾಗುತ್ತದೆ, ತುಂಬಾ ಜನ ಒತ್ತುತ್ತಾರೆ ಎಂದ. ಮೇಡಂಗೆ ಕೇಳಿಸಿತು. ಒತ್ತಬೇಡ ಎಂದರು. ಎಡತುದಿ ಇಳಿಯಿತು ಎಂದು ಹೇಳಿದೆ. ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಗಾಳಿಯ ಹಾಗೆ ಬಂತು. "ಮತ್ತೆ ಎಲ್ಲಾದ್ರೂ ಎದ್ದಿದೆಯಾ? ಎದ್ದಿರ್ಬೇಕು" ಎಂದರು. ಎದ್ದಿದೆ, ನಡುವೆ ಒಂದು ಉಬ್ಬು ಎಂದೆ. ಎಷ್ಟು ದೊಡ್ಡದು ಎಂದರು. ಆ ಹೊತ್ತಿಗೆ ನನಗೆ ಅಂಕಿ ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

"ಮೇರ್ತಿ ಗುಡ್ಡದಷ್ಟಿದೆ ಮೇಡಂ" ಎಂದೆ. ನಮ್ಮ ಕಡೆ ಎತ್ತರ ಎಂದರೆ ಮೇರ್ತಿಯೇ.

ಆ ಕಡೆ ಮಷಿನ್ ಕೂಗಲು ಶುರುವಾಯಿತು. ಬಿಪಿ ಇಳಿದಿದೆ ಎಂದು ಯಾರೋ ಹೇಳಿದರು, ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕತ್ತಲಾದ ಮೇಲೆ ಅಮ್ಮ ಮಾಡಿ, ಈಗ ಪರವಾಗಿಲ್ಲ ಮಾಣಿ, ಮನೆಗೆ ಕರೆದುಕೊಂಡು ಬಂದೆವು, ಮಲಗಿದ್ದಾಳೆ ಎಂದರು.

ಮೇಡಂ ಹೋದದ್ದು ಅದಾಗಿ ಕೆಲವು ವಾರಕ್ಕೆ, ಅವರೇ ಹೇಳಿದ್ದ ಹಾಗೆ ಮಷಿನ್ ಮೇಲೆ ಮಲಗಿದ್ದಾಗಲೇ. ನಡುವಿನ ಉಬ್ಬಿನ ಸಮೇತವೇ ರಾಡಾರ್ ತಂಡ ಆಂಟೆನಾವನ್ನು ತೆಗೆದುಕೊಂಡಿದೆ, ಮುಂದಿನ ಕೆಲಸ ಅವರು ಮಾಡುತ್ತಾರೆ ಎಂದು ಗೈಡ್ ಫೋನ್ ಮಾಡಿದಾಗ ಶೃಂಗೇರಿಯಲ್ಲಿ ಅವರ ಹನ್ನೆರಡನೆಯ ದಿನದ ಕೆಲಸ ನಡೆಯುತ್ತಿತ್ತು. ಅಡುಗೆಯವರಿಗೆ ನೀರು ಸೇದಿ ಕೊಡುತ್ತಿದ್ದ ನಾನು ಹಗ್ಗ ಕೈಬಿಟ್ಟು ಕೊಡಪಾನವನ್ನು ಬಾವಿಗೆ ಬೀಳಿಸಿದೆ. ಯಾರೂ ಬೈಯಲಿಲ್ಲ. ಬೈಯಬೇಕಾದವರು ಇರಲಿಲ್ಲ.

ಆದರೆ ಆ ಬೆಂಗಳೂರಿನ ಮರುದಿನದ್ದೊಂದು ಉಳಿದಿದೆ. ನಾನು ಬಸ್ಸಿಳಿದು, ಮುಖವನ್ನೂ ತೊಳೆಯದೆ, ಪ್ರಿಂಟ್ ಹಾಕಿಸಿ ತಂದಿದ್ದ ಗ್ರಾಫನ್ನು ಹಿಡಿದು ಮಹಡಿ ಹತ್ತಿದೆ. ಮೇಡಂ ದಿಂಬಿಗೆ ಒರಗಿ ಕೂತಿದ್ದರು. ಮುಖ ಸುಣ್ಣದ ಬಣ್ಣ. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ಅದೆಂತದೋ ಗುಡ್ಡ ಗುಡ್ಡ ಅಂತಿದ್ದಳು ಎಂದು ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಹಾಳೆಯನ್ನು ಅವರ ತೊಡೆಯ ಮೇಲೆ ಹರಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

ಅವರು ಎಡತುದಿಯ ಮೇಲೆ ಬೆರಳಿಟ್ಟರು. ಬಹಳ ಹೊತ್ತು ಅಲ್ಲೇ ಇಟ್ಟಿದ್ದರು. ಆಮೇಲೆ ಬೆರಳು ಗೆರೆಯ ಮೇಲೆ ಮೆಲ್ಲಗೆ ಬಲಕ್ಕೆ ಸರಿಯಿತು, ಉಬ್ಬಿನ ಹತ್ತಿರ ಬಂತು, ನಿಂತಿತು. ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು.

"ಇದಾ ನಿನ್ನ ಮೇರ್ತಿ ಗುಡ್ಡ?"

ಹೂಂ ಎಂದೆ.

"ಇರುವೆ ಗೂಡಿನಷ್ಟೂ ಇಲ್ಲವಲ್ಲ ಮಾರಾಯ. ರಾತ್ರಿಯೆಲ್ಲ ನನ್ನನ್ನ ಹತ್ತಿಸಿ ಇಳಿಸಿದ್ಯಲ್ಲ ಇದನ್ನ."

ಅವರಿಗೆ ನಗು ಬಂತು. ನಕ್ಕು ಕೆಮ್ಮು ಬಂತು, ಕೆಮ್ಮಿನೊಳಗೂ ನಕ್ಕರು, ಕಣ್ಣಲ್ಲಿ ನೀರು ಬಂತು. ನಗಿಸಬೇಡ ಮಾಣಿ, ಉಸಿರು ಕಟ್ಟುತ್ತದೆ ಎಂದು ಅಮ್ಮ ಬೆನ್ನು ಸವರಲು ಬಂದರು. ಮೇಡಂ ಆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಹಾಳೆಯನ್ನು ಅಮ್ಮನ ಕಡೆ ತಿರುಗಿಸಿದರು.

"ನೋಡಮ್ಮ. ಈ ಕೆಂಪಿನ ಕೆಳಗಿರೋದು ಅಷ್ಟೂ ನಂದು."

ಅಮ್ಮ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನಡುವೆ ಕಣ್ಣು ನಿಂತಿತು.

"ಇದೊಂದು ಮೇಲೆ ಬಂದಿದೆಯಲ್ಲ ಕೂಸೇ?"

"ಅದೂ ನಂದೇ."